ಹಳದಿ ತುತ್ತೂರಿ ಹೂವಿನ ಮೂರು ಗಿಡ



“ನಮ್ಮ ಕಾಂಪೌಂಡಿನ ಪಕ್ಕ ಒಂದು ಗಿಡ ಇದೆ. ವರ್ಷದ ಬಹುಪಾಲು ಹಳದಿ ಹೂ ಬಿಡುತ್ತದೆ. ಹೂವಿನದು ತುತ್ತೂರಿಯ ಆಕಾರ. ಇದು ಯಾವ ಗಿಡ?”

ಗಿಡಗಳ ವಿಚಾರ ಮಾತಾಡುವವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಕೇಳಿದವರು ಕಂಡದ್ದನ್ನು ಕಂಡಂತೆಯೇ ಹೇಳಿದ್ದಾರೆ. ಆದರೆ ಅವರು ಕೊಟ್ಟ ಗುರುತು ನಮ್ಮ ಊರುಕೇರಿಗಳಲ್ಲಿ ದಿನವೂ ಕಣ್ಣಿಗೆ ಬೀಳುವ ಮೂರು ಗಿಡಗಳಿಗೆ ಒಪ್ಪುತ್ತದೆ. ಒಂದು ಹಳದಿ ಕಣಗಿಲೆ. ಇನ್ನೊಂದು ಅಲಮಂಡ. ಮತ್ತೊಂದು ಹಳದಿ ಗಂಟೆ ಹೂ. ನರ್ಸರಿಯಲ್ಲಿ ಇದಕ್ಕೆ ಟೆಕೋಮ ಎನ್ನುತ್ತಾರೆ. ಮೂರೂ ಒಮ್ಮೆ ನೆಟ್ಟರೆ ವರ್ಷಾನುಗಟ್ಟಲೆ ಬಾಳುವಂಥವು. ಬೀದಿಯಲ್ಲಿ ನಡೆದು ಹೋಗುವಾಗ ದೂರದಿಂದ ನೋಡಿದರೆ ಮೂರೂ ಹಸಿರಿನ ಮೇಲೆ ಹಳದಿ, ಅಷ್ಟೇ.

ಆದರೆ ಮೊದಲನೆಯ ಗಿಡದ ಬೀಜ ಹೊಟ್ಟೆಗೆ ಹೋದರೆ ಹೃದಯದ ಬಡಿತವೇ ತಪ್ಪುತ್ತದೆ. ಎರಡನೆಯದು ತಿಂದವರಿಗೆ ವಾಂತಿ, ಭೇದಿ ತರಿಸುತ್ತದೆ. ಮೂರನೆಯದರ ಬಗ್ಗೆ ಅಂಥ ಭಯ ಬೇಡ. ಅಂಗಳದಲ್ಲಿ ಮಕ್ಕಳು ಆಡುವ ಮನೆಯವರಿಗೆ, ಶಾಲೆಯ ಆವರಣದಲ್ಲಿ ಗಿಡ ನೆಡಿಸುವ ಮೇಷ್ಟರಿಗೆ, ಬೇಲಿಯ ಸೊಪ್ಪು ಕತ್ತರಿಸಿ ದನಕ್ಕೆ ಹಾಕುವ ರೈತರಿಗೆ ಈ ಮೂರನ್ನು ಬೇರ್ಪಡಿಸಿ ನೋಡಲು ಬರಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದೂ ಹೂವಿಲ್ಲದ ದಿನಗಳಲ್ಲಿಯೂ ಬರಬೇಕು.

ಬಾನುಲಿಯಲ್ಲಿ ಚಿತ್ರ ತೋರಿಸುವಂತಿಲ್ಲ. ಅದು ಅಂಥ ದೊಡ್ಡ ಕೊರತೆಯೇನಲ್ಲ; ಗಿಡ ಗುರುತಿಸುವ ವಿದ್ಯೆ ಬಹುಮಟ್ಟಿಗೆ ಮಾತಿನ ಆಸರೆಯಲ್ಲೇ ಬೆಳೆದಿದೆ. 1778ರಲ್ಲಿ ಫ್ರಾನ್ಸಿನ ಲಾಮಾರ್ಕ್ ತನ್ನ ದೇಶದ ಸಸ್ಯಗಳ ಬಗ್ಗೆ ಗ್ರಂಥ ಪ್ರಕಟಿಸಿದಾಗ ಒಂದು ಸರಳ ದಾರಿ ಹಿಡಿದ. ಗಿಡದ ಮುಂದೆ ನಿಂತವರಿಗೆ ಒಂದೊಂದಾಗಿ ಪ್ರಶ್ನೆ ಹಾಕುವುದು. ಪ್ರತಿ ಪ್ರಶ್ನೆಗೂ ಎರಡೇ ಉತ್ತರ. ಯಾವುದು ಒಪ್ಪುತ್ತದೋ ಆ ಕವಲಿನಲ್ಲಿ ಮುಂದಕ್ಕೆ ಹೋಗುವುದು. ಕೊನೆಯಲ್ಲಿ ಒಂದೇ ಒಂದು ಹೆಸರು ಉಳಿಯುತ್ತದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಫಾದರ್ ಸಿಸಿಲ್ ಸಲ್ಡಾನ ಅವರು ಡ್ಯಾನ್ ನಿಕಲ್ಸನ್ ಜೊತೆಗೂಡಿ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಗ್ರಂಥವೂ ಓದುಗರನ್ನು ಇಂಥ ಕವಲುದಾರಿಯಲ್ಲೇ ನಡೆಸುತ್ತದೆ. ಇವತ್ತು ನಾವೂ ಹಾಗೇ ಮಾಡೋಣ. ಗಿಡ ಹತ್ತಿರದಲ್ಲೇ ಇದ್ದರೆ ರೇಡಿಯೋ ಕೈಲಿ ಹಿಡಿದುಕೊಂಡೇ ಅದರ ಬಳಿಗೆ ಹೋಗಿ.

ಹೋದ ಕೂಡಲೇ ಕಣ್ಣು ಹೂವಿನ ಮೇಲೆ ಬೀಳುತ್ತದೆ. ಸ್ವಲ್ಪ ತಡೆಯಿರಿ. ಬಣ್ಣವನ್ನು ನಂಬುವಂತಿಲ್ಲ. ಹಳದಿ ಕಣಗಿಲೆಯಲ್ಲೇ ಬಿಳಿ ಹೂವಿನ ಗಿಡಗಳಿವೆ, ಮಾಸಿದ ಕಿತ್ತಳೆ ಬಣ್ಣದವೂ ಇವೆ. ಅಲಮಂಡದ ಬಳಗದಲ್ಲಿ ನೇರಳೆ ಹೂ ಬಿಡುವ ಬಳ್ಳಿಯೊಂದಿದೆ. ಆಕಾರವನ್ನೂ ಪೂರ್ತಿ ನಂಬಬೇಡಿ. ಟೆಕೋಮ ಸೇರಿದ್ದು ಬಿಗ್ನೋನಿಯೇಸಿ ಕುಟುಂಬಕ್ಕೆ. ನಮ್ಮ ಸಾಲುಮರಗಳಲ್ಲಿ ಆಕಾಶಮಲ್ಲಿಗೆ ಅದರ ಸಂಬಂಧಿ. ಉಳಿದೆರಡೂ ಅಪೋಸೈನೇಸಿ, ಅಂದರೆ ಕಣಗಿಲೆಯ ಕುಟುಂಬದವು. ಈ ಎರಡು ಕುಟುಂಬಗಳಿಗೆ ಹತ್ತಿರದ ನೆಂಟಸ್ತಿಕೆಯಿಲ್ಲ. ಆಳವಾದ ಕೊಳವೆಯ ತಳದಲ್ಲಿ ಮಕರಂದ ಇಟ್ಟು ದುಂಬಿ, ಜೇನು, ಹಕ್ಕಿಗಳನ್ನು ಒಳಕ್ಕೆ ಕರೆಯುವ ಉಪಾಯ ಸಸ್ಯಲೋಕದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿಯೇ ಹುಟ್ಟಿಕೊಂಡಿದೆ. ಹಾಗಾಗಿ ಮೊದಲ ಪ್ರಶ್ನೆ ಎಲೆಗೆ ಸೇರಿದ್ದು.

ಎಲೆ ಒಂದೇ ಅಖಂಡ ಹಾಳೆಯೋ, ಅಥವಾ ಒಂದು ತೊಟ್ಟಿನ ಮೇಲೆ ಹಲವು ಕಿರಿಯೆಲೆಗಳಾಗಿ ಒಡೆದಿದೆಯೋ?

ಬೇವಿನ ಎಲೆ ಎಲ್ಲರಿಗೂ ಗೊತ್ತು. ನಡುವೆ ಒಂದು ಕಡ್ಡಿ, ಎರಡೂ ಪಕ್ಕ ಕಿರಿಯೆಲೆಗಳು, ಅವುಗಳ ಅಂಚು ಹಲ್ಲುಹಲ್ಲು. ನಿಮ್ಮ ಗಿಡದಲ್ಲಿ ಅಂಥ ರಚನೆ ಇದ್ದು, ಸಾಮಾನ್ಯವಾಗಿ ಐದೋ ಏಳೋ ಒಂಬತ್ತೋ ಕಿರಿಯೆಲೆಗಳು, ತುದಿಯಲ್ಲಿ ಒಂಟಿಯಾಗಿ ಒಂದು, ಅಂಚಿನುದ್ದಕ್ಕೂ ಗರಗಸದ ಹಲ್ಲು ಕಂಡರೆ ಅದು ಟೆಕೋಮ. ಎಲೆಗಳು ಗೆಣ್ಣಿನಲ್ಲಿ ಎದುರುಬದುರಾಗಿ ಕೂತಿರುತ್ತವೆ. ಎಲೆ ಚಿವುಟಿದರೆ ಬಿಳಿ ಹಾಲು ಬರುವುದಿಲ್ಲ. ಹೂಗಳು ರೆಂಬೆಯ ತುದಿಯಲ್ಲಿ ಗೊಂಚಲಾಗಿ ಬರುತ್ತವೆ. ಒಂದು ಹೂವನ್ನು ಉದ್ದುದ್ದ ಸೀಳಿ ನೋಡಿದರೆ ಒಳಗೆ ನಾಲ್ಕು ಕೇಸರ, ಎರಡು ಉದ್ದ, ಎರಡು ಗಿಡ್ಡ. ಗಂಟಲಲ್ಲಿ ತೆಳುವಾದ ಕೆಂಪು ಗೆರೆಗಳಿರುತ್ತವೆ. ಹೂ ಉದುರಿದ ಮೇಲೆ ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಉದ್ದದ ಸಪೂರ ಕೋಡುಗಳು ನೇತಾಡುತ್ತವೆ. ಅವು ಒಣಗಿ ಸೀಳಿದರೆ ಕಾಗದದಂಥ ರೆಕ್ಕೆಯ ಬೀಜಗಳು ಗಾಳಿಗೆ ಹಾರುತ್ತವೆ. ಬಹಾಮಾಸ್ ದೇಶದ ರಾಷ್ಟ್ರಪುಷ್ಪ ಇದೇ. ಅದೇ ರೆಕ್ಕೆಯ ಬೀಜಗಳ ದೆಸೆಯಿಂದ ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಇದನ್ನು ಕಳೆಗಿಡವೆಂದು ಪಟ್ಟಿಮಾಡಿದ್ದಾರೆ. ನಿಮ್ಮ ಗಿಡ ಇದೇ ಆಗಿದ್ದರೆ ಕೋಡು ಒಣಗುವ ಮೊದಲೇ ಕತ್ತರಿಸಿ ಹಾಕಿದರೆ ಸಾಕು.

ಈಗ, ಎಲೆ ಅಖಂಡವಾಗಿದೆ, ಅಂಚು ನುಣುಪಾಗಿದೆ ಎನ್ನುವವರು ಉಳಿದಿರಿ. ನಿಮಗೆ ಎರಡನೆಯ ಪ್ರಶ್ನೆ. ಒಂದು ಎಲೆಯ ತೊಟ್ಟನ್ನು ಚಿವುಟಿ. ಬಿಳಿಯ ಹಾಲು ಒಸರುತ್ತದೆಯೇ?

ಒಸರಿದರೆ ಕೈ ಕಣ್ಣಿಗೂ ಬಾಯಿಗೂ ಹೋಗದಂತೆ ನೋಡಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಸೋಪು ಹಾಕಿ ತೊಳೆಯಿರಿ. ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ. ಹಾಲು ಬಂತು ಎಂದರೆ ನೀವು ಕಣಗಿಲೆಯ ಕುಟುಂಬದ ಹೊಸ್ತಿಲಲ್ಲಿ ನಿಂತಿದ್ದೀರಿ. ಇದು ನಮ್ಮ ತೋಟಗಳ ಬಹು ದೊಡ್ಡ ಮನೆತನ. ನಂದಿಬಟ್ಟಲು, ದೇವಕಣಗಿಲೆ, ನಿತ್ಯಪುಷ್ಪ ಇವೆಲ್ಲ ಇದರವೇ. ಎಕ್ಕವನ್ನೂ ಈಗ ಸಸ್ಯವಿಜ್ಞಾನಿಗಳು ಇದರಲ್ಲೇ ಸೇರಿಸುತ್ತಾರೆ.

ಈ ಮನೆತನಕ್ಕೆ ಇನ್ನೊಂದು ಚಂದದ ಗುರುತಿದೆ. ಅರಳುವ ಹಿಂದಿನ ದಿನದ ಮೊಗ್ಗನ್ನು ಹತ್ತಿರದಿಂದ ನೋಡಿ. ಐದು ಎಸಳುಗಳು ಮಡಿಸಿದ ಕೊಡೆಯ ಬಟ್ಟೆಯ ಹಾಗೆ ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಮತ್ತೊಂದು ಎಸಳಿನ ಕೆಳಗೆ. ಅರಳಿದ ಮೇಲೂ ಈ ತಿರುಚು ಪೂರ್ತಿ ಮಾಯವಾಗುವುದಿಲ್ಲ. ನಂದಿಬಟ್ಟಲಿನ ಒಂಟಿ ಸುತ್ತಿನ ಹೂವಿನಲ್ಲಿ ಗಾಳಿಗಿರಿಗಿಟ್ಟಲೆಯಂತೆ ಎದ್ದು ಕಾಣುತ್ತದೆ. ಹಳದಿ ಕಣಗಿಲೆ, ಅಲಮಂಡ, ನಂದಿಬಟ್ಟಲು, ದೇವಕಣಗಿಲೆ, ನಿತ್ಯಪುಷ್ಪ ಇಷ್ಟೂ ಹೂಗಳಲ್ಲಿ ತಿರುಚು ಒಂದೇ ದಿಕ್ಕಿಗೆ. ಕೆಂಪು, ಬಿಳಿ ಕಣಗಿಲೆಯಲ್ಲಿ ಮಾತ್ರ ಅದು ವಿರುದ್ಧ ದಿಕ್ಕಿಗೆ. ಎರಡೂ ಹೂಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಹೆಸರಿನಲ್ಲಿ ಕಣಗಿಲೆ ಇದ್ದರೂ ಹಳದಿ ಕಣಗಿಲೆ ಮನೆತನದ ಒಳಗಿನ ಶಾಖೆಯಲ್ಲಿ ಅಲಮಂಡಕ್ಕೇ ಹೆಚ್ಚು ಹತ್ತಿರ. ಈ ಸಂಗತಿ ಮೊದಲ ಸಲ ನನ್ನ ಕಣ್ಣಿಗೆ ಬಿದ್ದಾಗ ಆದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ. ಬರಿಗಣ್ಣಿಗೆ ಇಷ್ಟು ಸಿಗುತ್ತದೆ ಎಂದು ಯಾರೂ ನಮಗೆ ಶಾಲೆಯಲ್ಲಿ ಹೇಳಿಕೊಡಲಿಲ್ಲ.

ಮೂರನೆಯ ಪ್ರಶ್ನೆ. ಒಂದು ಗೆಣ್ಣಿನಿಂದ ಎಷ್ಟು ಎಲೆ ಹೊರಟಿವೆ?

ಮೂರೋ ನಾಲ್ಕೋ ಎಲೆಗಳು ಒಂದೇ ಗೆಣ್ಣಿನ ಸುತ್ತ ಚಕ್ರವಾಗಿ ಕೂತಿದ್ದರೆ, ಎಲೆ ನಡುವೆ ಅಗಲವಾಗಿ ತುದಿ ಚೂಪಾಗಿ ಹೊಳೆಯುತ್ತಿದ್ದರೆ, ಕೊಂಬೆಗಳು ಉದ್ದುದ್ದ ಹೊರಟು ಗೋಡೆಯನ್ನೋ ಚಪ್ಪರವನ್ನೋ ಒರಗಿಕೊಂಡಿದ್ದರೆ ಅದು ಅಲಮಂಡ. ಅಲ್ಲೊಂದು ಇಲ್ಲೊಂದು ಗೆಣ್ಣಿನಲ್ಲಿ ಎರಡೇ ಎಲೆ ಇರಬಹುದು. ಅದಕ್ಕಾಗಿ ಐದಾರು ಗೆಣ್ಣುಗಳನ್ನು ನೋಡಿ. ಹಿಡಿದುಕೊಳ್ಳಲು ಇದಕ್ಕೆ ಸೋರೆಬಳ್ಳಿಗಿರುವಂಥ ತಂತು ಇಲ್ಲ, ಕಟ್ಟಿ ನಿಲ್ಲಿಸಬೇಕು. ಹೂ ದೊಡ್ಡದು, ಏಳೆಂಟು ಸೆಂಟಿಮೀಟರ್ ಅಗಲ, ದೊಡ್ಡ ತಳಿಗಳಲ್ಲಿ ಇನ್ನೂ ಹೆಚ್ಚು. ದುಂಡನೆಯ ಎಸಳುಗಳು ಪೂರ್ತಿ ಬಿಚ್ಚಿಕೊಂಡು ಚಪ್ಪಟೆಯಾಗುತ್ತವೆ. ಪೊದೆಯಾಗಿ ನಿಲ್ಲುವ ಇನ್ನೊಂದು ಅಲಮಂಡವೂ ಇದೆ. ಅದರ ಹೂ ಚಿಕ್ಕದು, ಕೊಳವೆಯ ಬುಡ ಊದಿಕೊಂಡಿರುತ್ತದೆ, ಗಂಟಲಲ್ಲಿ ಕೆಂಗಂದು ಗೆರೆ. ಅಲಮಂಡದ ಕಾಯಿ ದುಂಡಗೆ, ಮೈತುಂಬ ಮುಳ್ಳು. ಆದರೆ ನಮ್ಮ ತೋಟಗಳಲ್ಲಿ ಅದು ಕಾಯಿ ಕಟ್ಟುವುದು ಅಪರೂಪ. ಕಡ್ಡಿ ನೆಟ್ಟೇ ಬೆಳೆಸುತ್ತಾರೆ. ಸಸ್ಯವಿಜ್ಞಾನಿ ಲಿನ್ನೇಯಸ್ ಇದಕ್ಕಿಟ್ಟ ಜಾತಿನಾಮದಲ್ಲೇ ಭೇದಿ ಮಾಡಿಸುವ ಗುಣ ಸೂಚಿತವಾಗಿದೆ.

ಇನ್ನು ಎಲೆಗಳು ಒಂದೊಂದಾಗಿ, ಕೊಂಬೆಯ ಸುತ್ತ ಸುರುಳಿಯಾಗಿ ಒತ್ತೊತ್ತಾಗಿ ಹೊರಟಿದ್ದರೆ? ಎಲೆ ಹತ್ತು ಹದಿನೈದು ಸೆಂಟಿಮೀಟರ್ ಉದ್ದ, ಅಗಲ ಮಾತ್ರ ಒಂದು ಸೆಂಟಿಮೀಟರಿನ ಆಸುಪಾಸು. ನಡುನರ ಒಂದೇ ಸ್ಪಷ್ಟ, ಪಕ್ಕದ ನರಗಳು ಕಾಣುವುದೇ ಇಲ್ಲ ಎನ್ನಬೇಕು. ಹೂ ಉದ್ದನೆಯ ಆಲಿಕೆ; ಎಸಳುಗಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಒಂದನ್ನೊಂದು ಅಪ್ಪಿಕೊಂಡೇ ಇರುತ್ತವೆ. ಇದು ಹಳದಿ ಕಣಗಿಲೆ.

ಸಂಶಯ ಉಳಿದಿದ್ದರೆ ಕಾಯಿ ಹುಡುಕಿ. ಮೂರರಿಂದ ನಾಲ್ಕು ಸೆಂಟಿಮೀಟರ್ ಅಗಲದ, ಹೊಳೆಯುವ ಹಸಿರು ಕಾಯಿ. ಪೂರ್ತಿ ದುಂಡಗಿಲ್ಲ, ಮೂಲೆ ಮೂಲೆಯಾಗಿ, ಅಡ್ಡಕ್ಕೆ ಒಂದು ಏಣು ಎದ್ದಿರುತ್ತದೆ. ಬಲಿತಂತೆ ಕಪ್ಪಾಗಿ ಉದುರುತ್ತದೆ. ಮೇಲಿನ ತಿರುಳು ಕೊಳೆತು ಹೋದ ಮೇಲೆ ಉಳಿಯುವುದು ಕಲ್ಲಿನಷ್ಟು ಗಟ್ಟಿಯಾದ ಓಟೆ. ಮಕ್ಕಳನ್ನು ಸೆಳೆಯುವುದು ಆ ಓಟೆಯೇ. ಅದರೊಳಗೆ ಎರಡರಿಂದ ನಾಲ್ಕು ಬೀಜ. ಗಿಡದ ಎಲ್ಲ ಭಾಗಗಳಲ್ಲೂ ವಿಷ ಇದೆ, ಆ ಬೀಜದಲ್ಲಿ ಅತಿ ಹೆಚ್ಚು.

ಈ ವಿಷ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಹೃದಯದ ಪ್ರತಿ ಜೀವಕೋಶದ ಪೊರೆಯಲ್ಲೂ ಸೋಡಿಯಂ ಅನ್ನು ಹೊರಕ್ಕೆ ತಳ್ಳಿ ಪೊಟ್ಯಾಸಿಯಂ ಅನ್ನು ಒಳಕ್ಕೆ ಎಳೆಯುವ ಪ್ರೋಟೀನುಗಳಿವೆ. 1957ರಲ್ಲಿ ಡೆನ್ಮಾರ್ಕಿನ ಜೆನ್ಸ್ ಸ್ಕೌ ಇದನ್ನು ಕಂಡುಹಿಡಿದು, 1997ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದರು. ಕಣಗಿಲೆಗಳ ವಿಷ ಈ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಕೋಶದೊಳಗೆ ಸೋಡಿಯಂ ಸೇರುತ್ತದೆ, ಅದರ ಬೆನ್ನಿಗೇ ಕ್ಯಾಲ್ಸಿಯಂ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚುತ್ತದೆ. ಬಡಿತ ಮೊದಲು ನಿಧಾನವಾಗುತ್ತದೆ, ಆಮೇಲೆ ತಾಳ ತಪ್ಪುತ್ತದೆ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಔಷಧವಾಗಿ ಬಣ್ಣಿಸಿದ ಡಿಜಿಟಾಲಿಸ್ ಗಿಡದ ಸತ್ವವೂ ಇದೇ ಬಗೆಯದು. ವೈದ್ಯರ ಅಳತೆಯಲ್ಲಿ ಅದು ಔಷಧ. ಅಳತೆ ಯಾರಿಗೂ ತಿಳಿಯದ ಹಸಿ ಬೀಜವನ್ನು ಮನೆಮದ್ದು ಎಂದು ಅರೆದು ಕುಡಿಯುವುದು ಜೀವದ ಮೇಲಿನ ಆಟ. ಅಂಥ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಮಗು ಬೀಜವನ್ನೋ ಎಲೆಯನ್ನೋ ಜಗಿದದ್ದು ತಿಳಿದರೆ ವಾಂತಿ ಮಾಡಿಸುತ್ತ ಮನೆಯಲ್ಲಿ ಹೊತ್ತು ಕಳೆಯದೆ ಕೂಡಲೇ ಇ.ಸಿ.ಜಿ. ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಗೆಲುವಾಗಿ ಕಂಡರೂ ಹೋಗಿ, ಏಕೆಂದರೆ ಹೃದಯದ ತೊಂದರೆ ತಡವಾಗಿ ಕಾಣಿಸಿಕೊಳ್ಳಬಹುದು. ಗಿಡದ ಒಂದು ರೆಂಬೆಯನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ. “ಯಾವುದೋ ಹಳದಿ ಹೂ” ಎಂದರೆ ವೈದ್ಯರಿಗೆ ಏನೂ ತಿಳಿಯದು. ರೆಂಬೆ ನೋಡಿದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಕೆಂಪು ಕಣಗಿಲೆಯನ್ನು ಮರೆಯುವಂತಿಲ್ಲ. ವಿಷದ ವಿಚಾರದಲ್ಲಿ ಅದು ಇದರ ಜೊತೆಗಾತಿ. ಅದರ ಗುರುತು ಸುಲಭ. ಒಂದೊಂದು ಗೆಣ್ಣಿನಲ್ಲಿ ಮೂರು ಮೂರು ಎಲೆ, ದಪ್ಪ ತೊಗಲಿನಂಥವು. ನಡುನರದಿಂದ ನೂರಾರು ನವುರಾದ ನರಗಳು ಒತ್ತಾಗಿ ಸಮಾಂತರವಾಗಿ ಅಂಚಿಗೆ ಓಡುತ್ತವೆ. ಹೂವಿನ ಬಾಯಲ್ಲಿ ಸೀಳುಸೀಳಾದ ಕುಚ್ಚು. ಕಾಯಿಗಳು ಜೋಡಿ ಕೋಡು, ಒಳಗೆ ರೋಮ ಮೆತ್ತಿದ ಬೀಜ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ ಮತ್ತು ಪ್ರಸಾದಗಳಲ್ಲಿ ಈ ಹೂವನ್ನು ಬಳಸಬಾರದೆಂದು ತೀರ್ಮಾನಿಸಿತು. ಅದು ವಿವೇಕದ ನಿರ್ಧಾರ ಎಂದು ನನಗನ್ನಿಸುತ್ತದೆ. ದೇವರಿಗೆ ಏರಿಸುವುದಕ್ಕೆ ಅಡ್ಡಿಯಿಲ್ಲ, ಬಾಯಿಗೆ ಹೋಗುವ ಪದಾರ್ಥದ ಜೊತೆ ಬೆರೆಯದಿದ್ದರೆ ಆಯಿತು. ನಮ್ಮಲ್ಲೂ ಶಿವನ ಪೂಜೆಗೆ ಕಣಗಿಲೆ ಬೇಕೇ ಬೇಕು ಎನ್ನುವ ಮನೆಗಳಿವೆ; ಪಂಚಾಮೃತದ ಬಟ್ಟಲಿಗೆ ಎಸಳು ಬೀಳದಂತೆ ನೋಡಿಕೊಂಡರೆ ಪೂಜೆಗೇನೂ ಕುಂದಿಲ್ಲ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಈ ಎರಡು ಕಣಗಿಲೆಗಳ ಹಸಿ ಸೊಪ್ಪಿಗೆ ಆಡು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹೆದ್ದಾರಿಗಳ ನಡುವಣ ಪಟ್ಟಿಯಲ್ಲಿ, ಕಾವಲಿಲ್ಲದ ಆವರಣಗಳಲ್ಲಿ ಇವನ್ನೇ ಸಾಲಾಗಿ ನೆಡುವುದಕ್ಕೆ ಅದೂ ಒಂದು ಕಾರಣ. ನೀರು ಕಡಿಮೆ ಸಾಕು, ಹೊಗೆ ತಡೆಯುತ್ತವೆ, ದನ ಮೇಯುವುದಿಲ್ಲ. ಆದರೆ ಕತ್ತರಿಸಿ ಬಿಸಾಡಿದ ಸೊಪ್ಪು ಒಣಗಿದ ಮೇಲೆ ಹುಲ್ಲಿನ ಜೊತೆ ಬೆರೆತರೆ ದನಕ್ಕೆ ತಿಳಿಯದೆ ಹೋಗಬಹುದು. ಒಣಗಿದರೂ ವಿಷ ಹೋಗುವುದಿಲ್ಲ. ಸವರಿದ ರೆಂಬೆಗಳನ್ನು ಕೊಟ್ಟಿಗೆಯ ಹತ್ತಿರ ರಾಶಿ ಹಾಕಬೇಡಿ.

ಆಡು ಬಿಟ್ಟದ್ದನ್ನು ಒಂದು ಹುಳು ಬಿಡುವುದಿಲ್ಲ. ಮಳೆಗಾಲದಲ್ಲಿ ಕೆಂಪು ಕಣಗಿಲೆಯ ಮೇಲೆ ಬೆರಳುಗಾತ್ರದ ಹಸಿರು ಕಂಬಳಿಹುಳು ಕಾಣಬಹುದು. ಮೈಮೇಲೆ ಕೂದಲಿಲ್ಲ, ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಮಚ್ಚೆ. ಅದೇ ಹುಳು ನಂದಿಬಟ್ಟಲನ್ನೂ ನಿತ್ಯಪುಷ್ಪವನ್ನೂ ತಿನ್ನುತ್ತದೆ. ಈ ಗಿಡಗಳ ಹೂವಾಗಲಿ ಎತ್ತರವಾಗಲಿ ಒಂದಕ್ಕೊಂದು ಹೋಲುವುದಿಲ್ಲ, ಆದರೂ ಈ ಹುಳುವಿನ ತಾಯಿ ಪತಂಗ ಮೊಟ್ಟೆಯಿಡಲು ಸರಿಯಾಗಿ ಇದೇ ಮನೆತನವನ್ನು ಹುಡುಕಿಕೊಂಡು ಬರುತ್ತದೆ. ಎಲೆಯ ರಸಾಯನವೇ ಅದಕ್ಕೆ ಗುರುತು. ಗಿಡ ಯಾವ ಕುಟುಂಬದ್ದು ಎಂದು ತಿಳಿಯದೆ ತಡವರಿಸುವಾಗ ಎಲೆ ತಿನ್ನುವ ಹುಳು ಯಾವುದು ಎಂದು ನೋಡುವುದನ್ನೂ ರೂಢಿಸಿಕೊಳ್ಳಿ.

ಹಳದಿ ಕಣಗಿಲೆ ನಮ್ಮ ನೆಲದ್ದಲ್ಲ. ಮೆಕ್ಸಿಕೋ ಮತ್ತು ಅದರ ದಕ್ಷಿಣದ ಬಿಸಿ ನಾಡುಗಳಿಂದ ಬಂದದ್ದು. ಆಂದ್ರೆ ತೆವೆ ಎಂಬ ಫ್ರೆಂಚ್ ಸನ್ಯಾಸಿ 1555ರಲ್ಲಿ ಬ್ರೆಜಿಲ್ಲಿಗೆ ಹೋಗಿ ಬಂದು 1557ರಲ್ಲಿ ಆ ನಾಡಿನ ವಿಚಿತ್ರಗಳ ಬಗ್ಗೆ ಪುಸ್ತಕ ಬರೆದ. ಲಿನ್ನೇಯಸ್ 1753ರಲ್ಲಿ ಈ ಗಿಡಕ್ಕೆ ಅವನ ಹೆಸರನ್ನೇ ಇಟ್ಟ. ಇಂದಿನ ಶಾಸ್ತ್ರೀಯ ಹೆಸರು ಕ್ಯಾಸ್ಕಬೆಲ ತೆವೆಷಿಯ. ಅದರ ಮೊದಲ ಭಾಗ ಗೆಜ್ಜೆಗೆ ಸ್ಪ್ಯಾನಿಷಿನಲ್ಲಿರುವ ಮಾತಿನಿಂದ ಬಂದದ್ದು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಷ್ಟು ಸೇರಿಕೊಂಡಿದೆ ಎಂದು ಬಿ.ಜಿ.ಎಲ್. ಸ್ವಾಮಿಯವರು ಒಂದು ಪುಸ್ತಕದುದ್ದಕ್ಕೂ ತೋರಿಸಿದ್ದಾರೆ. ಅಂಗಳದ ಹೂಗಿಡಗಳ ಲೆಕ್ಕವನ್ನೂ ಹಾಗೆ ಬರೆಯುವವರು ಬೇಕು.

ಈಗ ಮೊಬೈಲಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರು ಹೇಳುವ ಸೌಲಭ್ಯ ಬಂದಿದೆ. ಬಳಸಿ, ಒಳ್ಳೆಯದೇ. ಆದರೆ ಹೆಚ್ಚಿನವರು ತೆಗೆಯುವುದು ಒಂದೇ ಹೂವಿನ, ಅದೂ ತುಂಬ ಹತ್ತಿರದ ಚಿತ್ರ. ಯಂತ್ರಕ್ಕೂ ಆಗ ಹಳದಿ ಬಿಟ್ಟು ಬೇರೇನೂ ಕಾಣದು. ಗೆಣ್ಣಿನಲ್ಲಿ ಎಲೆ ಕೂತ ರೀತಿ, ಎಲೆಯ ಬೆನ್ನು, ಹೂವಿನ ಪಕ್ಕನೋಟ, ಕಾಯಿ, ಇಡೀ ಗಿಡದ ನಿಲುವು ಇಷ್ಟನ್ನೂ ಬೇರೆ ಬೇರೆ ಚಿತ್ರವಾಗಿ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟರೆ ಅಳತೆಯೂ ಸಿಗುತ್ತದೆ. ಯಂತ್ರ ಹೇಳಿದ ಹೆಸರನ್ನು ನಾನು ಈಗ ಕೇಳಿದ ಮೂರು ಪ್ರಶ್ನೆಗಳಿಗೆ ಒಡ್ಡಿ ನೋಡಿ. ಒಪ್ಪದಿದ್ದರೆ ಆ ಹೆಸರನ್ನು ಬಿಟ್ಟುಬಿಡಿ.

ಇಷ್ಟಾದರೂ ತೀರ್ಮಾನಕ್ಕೆ ಬರಲಾಗದಿದ್ದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾದರಿ ಒಯ್ಯಿರಿ. ಉದುರಿದ ಹೂವೊಂದನ್ನು ಮಾತ್ರ ಒಯ್ಯಬೇಡಿ. ಎಲೆ, ಮೊಗ್ಗು, ಹೂ ಮೂರೂ ಇರುವ, ಮೊಳದುದ್ದದ ರೆಂಬೆಯ ತುದಿ ಕತ್ತರಿಸಿ ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿ ಹರಡಿ. ಒಂದು ಎಲೆ ಬೆನ್ನು ಮೇಲಾಗಿರಲಿ. ಹೂವೊಂದನ್ನು ಸೀಳಿ ಅದೇ ಕಾಗದದಲ್ಲಿ ಚಪ್ಪಟೆಯಾಗಿಡಿ. ಗಿಡದ ಎತ್ತರ, ಹಾಲು ಬಂತೋ ಇಲ್ಲವೋ, ಹೂವಿನ ಬಣ್ಣ, ಊರು, ತಾರೀಕು ಇಷ್ಟನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ, ಹಾಲಂತೂ ಕಾಣುವುದೇ ಇಲ್ಲ. ಕಾಯಿ ಸಿಕ್ಕಿದರೆ ಅದನ್ನು ಬೇರೆ ಪೊಟ್ಟಣ ಕಟ್ಟಿ, ಮೇಲೆ “ವಿಷ” ಎಂದು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟಿರಿ.